ಬಾಯಿಯ ಹುಳಿ, ಸಾಂಬಾರಿನ ಹುಳಿ

ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಹೋಟೆಲಿನಲ್ಲಿ ಬೆಳಗಿನ ಸಾಂಬಾರು ಗಿರಾಕಿಗಳಿಗೆ ಹೋಗುವ ಮೊದಲು ನನ್ನ ಅಂಗೈಗೆ ಬೀಳಬೇಕು. ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಿಂದ ಬಂದ ಪದ್ಧತಿ. ಅಡುಗೆಯ ಭಟ್ರು ಸೌಟಿನಿಂದ ಒಂದಿಷ್ಟು ಹಾಕುತ್ತಾರೆ, ನಾನು ನೆಕ್ಕಿ ತಲೆಯಾಡಿಸುತ್ತೇನೆ, ಆಮೇಲೆ ಮೊದಲ ಪ್ಲೇಟ್ ಇಡ್ಲಿ ಹೊರಡುತ್ತದೆ. ಓದು ತಲೆಗೆ ಹತ್ತದ ನನಗೆ ಅಪ್ಪ ಬಿಟ್ಟುಹೋದ ನಿಜವಾದ ಆಸ್ತಿ ಈ ನಾಲಿಗೆಯೇ ಎಂದು, ಮದುವೆಮನೆಗಳಲ್ಲಿ ಕೇಳದವರಿಗೂ ಹೇಳಿಕೊಂಡು ತಿರುಗಿದವನು ನಾನು.

ಕಳೆದ ವರ್ಷ ಒಂದು ದಿನ ಆ ನಾಲಿಗೆ ಸಾಂಬಾರು ಹುಳಿ ಎಂದಿತು. ಹುಣಸೆ ಕಡಿಮೆ ಮಾಡಿಸಿದೆ. ಮರುವಾರವೂ ಹುಳಿ. ಇನ್ನೂ ಕಡಿಮೆ ಮಾಡಿಸಿದೆ.

"ಧಣಿ, ಇನ್ನು ಕಡಿಮೆ ಮಾಡಿದ್ರೆ ಹುಣಸೆ ಹಾಕುದೇ ಬೇಡ," ಎಂದರು ಭಟ್ರು.

"ನಾಲಿಗೆ ನನ್ನದಾ, ನಿಮ್ಮದಾ?" ಎಂದೆ. ಅವರು ಸೌಟು ಹಿಡಿದು ಒಳಗೆ ಹೋದರು.

ಕೆಲವು ದಿನಗಳ ಮೇಲೆ ಹಳೆಯ ಗಿರಾಕಿಯೊಬ್ಬರು ಬಿಲ್ಲು ಕೊಡುತ್ತ, "ಸೇಠ್, ಆಜ್ ದಾಲ್ ಬಹುತ್ ಅಚ್ಛಾ ಥಾ," ಎಂದರು. ಬೆಳಿಗ್ಗೆ ನಮ್ಮಲ್ಲಿ ದಾಲ್ ಮಾಡುವುದಿಲ್ಲ; ಅವರು ತಿಂದದ್ದು ಇಡ್ಲಿ ಸಾಂಬಾರು. ನಾನು ನಗುತ್ತ ಸೋಂಪಿನ ಬಟ್ಟಲನ್ನು ಅವರ ಮುಂದೆ ಸರಿಸಿದೆ.

ಈ ನಡುವೆ ಬಾಯಿ ಬೇರೆ ಕೆಟ್ಟಿತ್ತು. ಹೋಟೆಲು ಮುಚ್ಚಿ, ದಾದರಿನಲ್ಲಿ ಗಾಡಿ ಬದಲಿಸಿ, ಘಾಟ್ಕೋಪರಿನ ಮನೆ ಸೇರಿ, ಹೊಟ್ಟೆ ಬಿರಿಯುವಷ್ಟು ಉಂಡು ಹಾಗೇ ಉರುಳಿಕೊಳ್ಳುವವನು ನಾನು. ಎದ್ದರೆ ಗಂಟಲ ತನಕ ಹುಳಿನೀರು. ಗಲ್ಲಾದಲ್ಲಿ ಕೂತವನ ಬಾಯಿ ನಾರಬಾರದಲ್ಲ? ಹುಳಿತೇಗು ಬಂದಾಗಲೆಲ್ಲ ಓಡಿಹೋಗಿ, ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ ಹಲ್ಲು ತಿಕ್ಕುತ್ತಿದ್ದೆ. ಒಸಡಿನಲ್ಲಿ ರಕ್ತ ಕಂಡರೆ, ಕೊಳೆ ಹೋಗುತ್ತಿದೆ ಎಂದುಕೊಂಡು ಇನ್ನಷ್ಟು ತಿಕ್ಕುತ್ತಿದ್ದೆ. ಇಂಥ ಬುದ್ಧಿವಂತಿಕೆ ಎಲ್ಲರಿಗೂ ಬರುವುದಿಲ್ಲ.

ತಣ್ಣೀರು ಕುಡಿದರೆ ನೋವು ನೆತ್ತಿಗೆ ಹೊಡೆಯತೊಡಗಿದಾಗ, ಹೆಂಡತಿ ನಮ್ಮ ಬಿಲ್ಡಿಂಗಿನ ಕೆಳಗಿನ ದಂತವೈದ್ಯೆಯ ಬಳಿಗೆ ಎಳೆದೊಯ್ದಳು. ನಮ್ಮ ಊರಿನ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ.

"ಅಂಕಲ್, ಮೇಲಿನ ಹಲ್ಲು ಒಳಗಿನ ಸೈಡ್ ಪೂರಾ ಘಿಸ್ ಗಯಾ," ಎಂದಳು ಅವಳು. "ಇದು ಪೇಟ್ ಕಾ ಪ್ರಾಬ್ಲಮ್. ಆಸಿಡ್ ಮೇಲೆ ಬರ್ತದೆ, ಹಲ್ಲು ಸಾಫ್ಟ್ ಆಗ್ತದೆ, ನೀವು ಆಗ್ಲೇ ಬ್ರಷ್ ಮಾಡ್ತೀರಿ. ಒಸಡೂ ಹಾಗೇ ಹೋಯ್ತು."

ಹುಳಿ ಬಂದಾಗ ಬರೀ ನೀರಿನಿಂದ ಬಾಯಿ ಮುಕ್ಕಳಿಸಬೇಕು, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಉಜ್ಜಬೇಕು, ಹೊಟ್ಟೆಯ ಡಾಕ್ಟರನ್ನು ಕಾಣಬೇಕು ಎಂದಳು. ಸವೆದ ಹಲ್ಲು ಮಾತ್ರ ಮತ್ತೆ ಬೆಳೆಯುವುದಿಲ್ಲವಂತೆ.

"ಬಾಯಿ ಯಾವಾಗ್ಲೂ ಹುಳಿ ಹುಳಿ ಅನಿಸ್ತದಾ?" ಎಂದು ಕೇಳಿದಳು.

"ಅನಿಸ್ತದೆ," ಎಂದಳು ಹೆಂಡತಿ. "ಅದಕ್ಕೇ ಆ ಭಟ್ರ ಜೀವ ತಿಂತಾ ಇದ್ದಾರೆ."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನ್ನ ಬಾಯಿಗೆ ಬಿದ್ದದ್ದೆಲ್ಲ ಹುಳಿಯಾಗಿತ್ತು. ನಿಜಕ್ಕೂ ಹೆದರಿಕೆಯಾಯಿತು. ಹಲ್ಲು ಹೋದರೆ ಕಟ್ಟಿಸಬಹುದು. ನಾಲಿಗೆಯ ರುಚಿ ಹೋದರೆ ಗಲ್ಲಾದ ಹಿಂದೆ ನಾನು ಬರೀ ಚಿಲ್ಲರೆ ಕೊಡುವವನು.

ಭಟ್ರಿಗೆ ಇದನ್ನೆಲ್ಲ ಹೇಳಲು ನನ್ನ ಜಂಬ ಬಿಡಲಿಲ್ಲ. ಮಾತ್ರೆ ನುಂಗಿದೆ, ಹೊತ್ತು ಮುಳುಗುವಾಗಲೇ ಹೋಟೆಲಿನಲ್ಲೇ ಉಂಡೆ, ಮಗುವಿನ ಹಲ್ಲು ಉಜ್ಜುವಂತೆ ನನ್ನ ಹಲ್ಲು ಉಜ್ಜಿದೆ. ಪ್ರತಿ ಬೆಳಿಗ್ಗೆ ಅಂಗೈಗೆ ಬಿದ್ದದ್ದನ್ನು ನೆಕ್ಕಿ, ನಂಬಿಕೆಯಿಲ್ಲದೆ ತಲೆಯಾಡಿಸಿದೆ.

ಒಂದು ಬೆಳಿಗ್ಗೆ ಬಾಯಿ ತಾನಾಗಿ ಹೇಳಿತು: "ಭಟ್ರೇ, ಇದ್ರಲ್ಲಿ ಹುಳಿಯೇ ಇಲ್ಲವಲ್ಲ."

ಅವರು ನನ್ನನ್ನೇ ನೋಡಿದರು. "ಈ ಮಾತಿಗೆ ಕಾದು ಕಾದು ಸಾಕಾಯ್ತು ಧಣಿ," ಎಂದು, ಸಾರಿಗೆ ನೆನೆಸಿಟ್ಟಿದ್ದ ಹುಣಸೆಯನ್ನು ಸಾಂಬಾರಿಗೆ ಹಿಂಡಿ, ಚೆನ್ನಾಗಿ ಕುದಿಸಿ ಮತ್ತೆ ಅಂಗೈಗೆ ಹಾಕಿದರು.

ಸವೆದ ಹಲ್ಲುಗಳೆಲ್ಲ ಒಟ್ಟಿಗೆ ಜುಮ್ಮೆಂದವು. ಕಣ್ಣಲ್ಲಿ ನೀರು ಬಂತು.

"ಹುಳಿ ಹೆಚ್ಚಾಯ್ತಾ?" ಎಂದು ಕೇಳಿದರು ಭಟ್ರು.

"ಇಲ್ಲ," ಎಂದೆ. "ಅಪ್ಪನ ಕಾಲದ ಹಾಗೇ ಉಂಟು."