ನಡುವಿನಕ್ಕ

ಹೋದ ವಾರ ಹಿರಿಯೂರಿನಲ್ಲಿ ಡಾಕ್ಟರ ಮುಂದೆ ಕುಳಿತು, "ನಡು ಹಿಡ್ಕಂಡೈತೆ" ಅಂದೆ. ಮೈಸೂರು ಕಡೆಯ ಹುಡುಗ, ಈ ಊರಿಗೆ ಹೊಸಬ. ಬಹಳ ಗಂಭೀರವಾಗಿ, "ಯಾವುದರ ನಡು, ಅಜ್ಜಿ?" ಎಂದು ಕೇಳಿದ. ನೋವಿನಲ್ಲೂ ನಗು ಬಂತು. "ಸೊಂಟ ಕಣಪ್ಪ" ಅಂದ ಮೇಲೆ ಅವನೂ ನಕ್ಕು ಗುಳಿಗೆ ಬರೆದುಕೊಟ್ಟ.

ಅವನ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ಸೊಂಟಕ್ಕೂ ನಡು ಅನ್ನುತ್ತೇವೆ, ದಾರಿಯ ಮಧ್ಯಕ್ಕೂ ನಡು ಅನ್ನುತ್ತೇವೆ, ಮೂವರಲ್ಲಿ ಎರಡನೆಯವರಿಗೂ ಅದೇ ಮಾತು. ಜವನಗೊಂಡನಹಳ್ಳಿ ಹತ್ತಿರದ ಕುರಿಯವರ ಮನೆಗೆ ನಾನು ಕಿರಿಯ ಸೊಸೆಯಾಗಿ ಬಂದಾಗ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯವಳು ದೊಡ್ಡಕ್ಕ. ಎರಡನೆಯವಳು ಊರಿಗೆಲ್ಲ ನಡುವಿನಾಕೆ, ನನಗೆ ನಡುವಿನಕ್ಕ. ಓಟಿನ ದಿನ ಚೀಟಿ ನೋಡಿ "ಕರಿಯಮ್ಮ ಯಾರು?" ಎಂದು ಕೂಗಿದಾಗ ನಾನೂ ಸುತ್ತ ಹುಡುಕಿದೆ. ಎದ್ದು ಹೋದವಳು ಅವಳು.

ಸಣಕಲು ಮೈ, ಮಾತು ಕಡಿಮೆ. ಮನೆಯಲ್ಲಿ ದೊಡ್ಡಕ್ಕನ ಯಜಮಾನಿಕೆ ನಡೆಯುತ್ತಿತ್ತು, ಕಿರಿಯವಳೆಂದು ನನ್ನ ಮುದ್ದೂ ನಡೆಯುತ್ತಿತ್ತು. ಅವಳದು ಏನು ನಡೆಯುತ್ತಿತ್ತೆಂದು ನಾನು ನೋಡಿರಲೇ ಇಲ್ಲ.

ಇಸವಿ ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು. ಕುರಿ ಹೊಡೆದುಕೊಂಡು ಹೊಸದುರ್ಗದ ಕಡೆಯಿಂದ ಊರಿಗೆ ಮರಳುತ್ತಿದ್ದೆವು. ದಾರಿಯಲ್ಲೊಂದು ಹಳ್ಳ, ಪಾದ ನೆನೆಯುವಷ್ಟು ನೀರು. ನಡುವಿನಕ್ಕನ ಗಂಡ ಮುಂದೆ, ನನ್ನ ಗಂಡ ಹಿಂದೆ, ನಾವಿಬ್ಬರು ಮಂದೆಯ ನಡುವೆ. ನನ್ನ ಹೆಗಲ ಮೇಲೆ ಆವತ್ತೇ ಹುಟ್ಟಿದ ಮರಿ. ಅರ್ಧ ಮಂದೆ ದಾಟಿತ್ತು. ಮೇಲೆಲ್ಲೋ ಮಳೆ ಹೊಯ್ದಿತ್ತೇನೋ, ಕೆಂಪು ನೀರು ಸದ್ದು ಮಾಡುತ್ತ ಬಂತು. ನೋಡನೋಡುತ್ತ ಮೊಣಕಾಲು ಮುಳುಗಿತು, ಆಮೇಲೆ ನಡುಮಟ್ಟ.

"ಈ ಕಡಿಗೆ ಬರ್ರೇ" ಎಂದು ಅವಳ ಗಂಡ ಆ ದಡದಿಂದ ಕೂಗಿದ. "ಹಿಂದಕ್ಕೆ ಬರ್ರೇ" ಎಂದು ನನ್ನ ಗಂಡ ಈ ದಡದಿಂದ ಕೂಗಿದ. ನನಗೆ ಎತ್ತ ಹೋಗಬೇಕೆಂದೇ ತಿಳಿಯಲಿಲ್ಲ. ಕುರಿಗಳೂ ದಿಕ್ಕು ತಪ್ಪಿ ಒಂದರ ಮೇಲೊಂದು ಬೀಳತೊಡಗಿದವು.

ನಡುವಿನಕ್ಕ ನೀರು ಬರುವ ಕಡೆಗೆ ಬೆನ್ನು ಕೊಟ್ಟು, ದೊಣ್ಣೆ ಊರಿ ನಿಂತಳು. ನನ್ನ ಮುಂಗೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

"ಹೆದರ್ಕಬ್ಯಾಡ ತಂಗಿ. ನಡು ಗಟ್ಟಿ ಮಾಡ್ಕಂಡು ನನ್ನಂಗೇ ನಿಂತ್ಕ. ಮರಿ ಬಿಡಬ್ಯಾಡ."

ನಮ್ಮ ಮುಂದೆ ನೀರಿನ ರಭಸ ಒಂದಿಷ್ಟು ಮುರಿಯಿತು. ಅವಳು ನಾಲಿಗೆಯಿಂದ ಸದ್ದು ಮಾಡಿ ಕರೆದಳು. ಒಂದು ಟಗರು ಕಿವಿ ನಿಮಿರಿಸಿ ಆ ಜಾಗಕ್ಕೆ ಈಜಿ ಬಂತು, ಅದರ ಹಿಂದೆ ಉಳಿದವೂ ಸಾಲಾಗಿ ದಾಟತೊಡಗಿದವು. ಜಾರಿದ್ದನ್ನು ಮೊಣಕಾಲಿನಿಂದ ತಳ್ಳಿ ಸಾಲಿಗೆ ಸೇರಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ದಿನಾ ಒಲೆ ಮುಂದೆ ಮುದ್ದೆ ತೊಳಸುವಾಗಿನ ಮುಖವೇ. ಹಳ್ಳ ಅವಳನ್ನು ಬಳಸಿಕೊಂಡು ಹೋಗುತ್ತಿತ್ತು.

ಕೊನೆಯ ಕುರಿಯೂ ನನ್ನ ಗಂಡನೂ ದಾಟಿದ ಮೇಲೆಯೇ ನಾವು ದಡ ಸೇರಿದ್ದು. ನನ್ನ ಬಳೆ ಒಡೆದು ಮುಂಗೈ ಮೇಲೆ ಅವಳ ಬೆರಳುಗಳ ಗುರುತು ಮೂಡಿತ್ತು.

"ಕರದ್ರೆ ಯಾಕೆ ಬರ್ಲಿಲ್ಲ?" ಎಂದು ಅವಳ ಗಂಡ ಗದರಿದ.

"ನಾನು ಯಾವ ಕಡಿಗೆ ಬಂದಿದ್ರೂ ಉಳಿದ ಕುರಿ ಹೋಗ್ತಿದ್ವು" ಎಂದು ಸೆರಗು ಹಿಂಡಿದಳು. ಕುರಿ ಅಂದಳು. ನನ್ನ ಮಾತೇ ಎತ್ತಲಿಲ್ಲ.

ಯಾರಾದರೂ ನಡುನೀರಿನಲ್ಲಿ ಕೈಬಿಟ್ಟರು ಎಂದು ದೂರಿದಾಗ ನಾನು ದನಿಗೂಡಿಸಲಾರೆ. ಆ ಜಾಗದಲ್ಲಿ ನನಗೆ ಸಿಕ್ಕಿದ್ದು ಬೇರೆ.

ಆಸ್ಪತ್ರೆಯಿಂದ ಮನೆಗೆ ಹೋಗಬೇಕಾದವಳು ಭರಮಸಾಗರದ ಬಸ್ಸು ಹಿಡಿದೆ. ಈಗ ನಡುವಿನಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಜಗಲಿಯ ಮೇಲೆ ಕುಂತು ಕಡಲೆಕಾಯಿ ಬಿಡಿಸುತ್ತಿದ್ದಳು. ಆ ಹಳ್ಳದ ಕತೆಯನ್ನೆಲ್ಲ ಹೇಳಿದೆ. ಬೇರೆ ಯಾರದೋ ಸುದ್ದಿಯೆಂಬಂತೆ ಕೇಳಿಸಿಕೊಂಡಳು.

"ಯಾವ ಹಳ್ಳನೇ ಅದು?"

"ಹೊಸದುರ್ಗದಿಂದ ಬರೋವಾಗ ಸಿಕ್ಕಿದ್ದು, ಅಕ್ಕ."

"ಆ ಕಡೆ ಹಳ್ಳ ಭಾಳ ಅವೆ. ಎಷ್ಟೋ ಸಲ ಹಂಗೇ ನಿಂತೀನಿ. ಯಾವುದು ಅಂತ ನೆಪ್ಪಿಟ್ಕಳ್ಳಲಿ?"

ಎಷ್ಟೋ ಸಲ. ನಾನು ನೋಡಿದ್ದು ಒಂದೇ. ಅವಳ ಪಕ್ಕ ಕುಳಿತು ಒಂದು ಹಿಡಿ ಕಾಯಿ ತೆಗೆದುಕೊಂಡೆ. ಅವಳ ಹಾಗೆಯೇ ಒಂದೊಂದಾಗಿ ಬಿಡಿಸತೊಡಗಿದೆ.