ನಿಯಮಾನುಸಾರ ಎಂಬ ಪದ

ಹನ್ನೊಂದು ವರ್ಷ ನಾನು ಒಬ್ಬ ಶಾಸಕರ ಪತ್ರಗಳನ್ನು ಬರೆದೆ. ಯಾವ ಪಕ್ಷ, ಯಾವ ಕ್ಷೇತ್ರ ಎಂದು ಕೇಳಬೇಡಿ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಅವರ ಕಚೇರಿ. ಮುಂದಿನ ಕೋಣೆಯಲ್ಲಿ ಜನ, ಒಳಗಿನ ಕೋಣೆಯಲ್ಲಿ ಸಾಹೇಬರು, ನಡುವಿನ ಬಾಗಿಲ ಪಕ್ಕ ಕಂಪ್ಯೂಟರ್ ಮುಂದೆ ನಾನು.

ಸಾಹೇಬರು ಮೊದಲು ಶಾಮಿಯಾನ ಅಂಗಡಿ ಇಟ್ಟಿದ್ದವರು. ಮದುವೆಗೂ ತಿಥಿಗೂ ಅವರದೇ ಕುರ್ಚಿ, ಅವರದೇ ಪಾತ್ರೆ. ಹಾಗಾಗಿ ಸುತ್ತಲಿನ ಬಡಾವಣೆಗಳ ಪ್ರತಿ ಮನೆಯ ಸುಖದುಃಖ ಗೊತ್ತು. ಆ ಪರಿಚಯದ ಬಲದಿಂದಲೇ ಕಾರ್ಪೊರೇಟರ್ ಆದರು. ಆಗ ಯಾರ ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೂ ಸ್ಕೂಟರ್ ಹತ್ತಿ ಹೋಗಿ ನೀರು ಬಿಡುವವನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ಶಾಸಕರಾದ ಮೇಲೆ ಸ್ಕೂಟರ್ ನಿಂತಿತು, ಪತ್ರ ಶುರುವಾಯಿತು.

ಅವರಿಗೆ ಬಾರದಿದ್ದುದು ಒಂದೇ, ಇಲ್ಲ ಅನ್ನುವುದು. ಒಂದೇ ಸೀಟಿಗೆ ನಾಲ್ಕು ಜನ ಬಂದರೆ ನಾಲ್ವರಿಗೂ ಪತ್ರ. ಅಧಿಕಾರಿಗಳು ತಲೆ ಚಚ್ಚಿಕೊಂಡು ಫೋನ್ ಮಾಡುತ್ತಿದ್ದರು, ಇವರಲ್ಲಿ ಯಾರದ್ದು ಮಾಡೋಣ ಸಾರ್ ಎಂದು. ಆಗ ಉಪಾಯ ಹೇಳಿಕೊಟ್ಟವನು ನಾನೇ. ‘ಪರಿಶೀಲಿಸಿ ಕ್ರಮ ಕೈಗೊಳ್ಳಲು ಕೋರಿದೆ’ ಎಂದಿದ್ದರೆ ಕೆಲಸ ಮಾಡಿಕೊಡಿ. ‘ನಿಯಮಾನುಸಾರ ಪರಿಶೀಲಿಸಿ’ ಎಂದಿದ್ದರೆ ಪಕ್ಕಕ್ಕಿಡಿ. ಜನಕ್ಕೆ ಎರಡೂ ಒಂದೇ ಥರ ಕಾಣುತ್ತದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ನೀನು ಎಮ್ಮೆಲ್ಲೆ ಆಗ್ಬೇಕಿತ್ತು ಕಣಯ್ಯ,” ಎಂದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಬುದ್ಧಿವಂತಿಕೆಯನ್ನೂ ಮಾಡಿದೆ. ಸಾಹೇಬರ ಹೆಸರು ಹೇಳಿಕೊಂಡು ಯಾರ್ಯಾರೋ ಕಚೇರಿಗಳಿಗೆ ಫೋನ್ ಮಾಡುತ್ತಿದ್ದರು. ಎಲ್ಲ ಕಚೇರಿಯ ಗುಮಾಸ್ತರಿಗೂ ಹೇಳಿಟ್ಟೆ: ಫೋನಿನಲ್ಲಿ ಯಾರು ಏನೇ ಅಂದರೂ ನಂಬಬೇಡಿ, ಕಾಗದದಲ್ಲಿ ಇರುವುದೇ ಮಾತು.

ಆ ಹನ್ನೊಂದು ವರ್ಷದಲ್ಲಿ ನನಗಾಗಿ ಒಂದು ಪತ್ರ ಕೇಳಿರಲಿಲ್ಲ. ಅದೊಂದು ಜಂಬ ನನಗೆ. ಅದು ಮುರಿದದ್ದು ಅಕ್ಕನಿಂದ.

ಅಕ್ಕ ಗವಿಪುರದ ಒಂದು ವಠಾರದಲ್ಲಿ ಮಗಳ ಜೊತೆ ಇದ್ದಳು. ಬ್ಲೌಸ್ ಹೊಲಿದು ನನ್ನನ್ನು ಓದಿಸಿದವಳು. ನನಗೆ ಐವತ್ತಾದರೂ ಅವಳ ಬಾಯಲ್ಲಿ ನಾನು ಪುಟ್ಟ. ಅವಳ ಎರಡೂ ಕಿಡ್ನಿ ಹೋಗಿದ್ದವು. ಖಾಸಗಿಯಲ್ಲಿ ಆಗುವಷ್ಟು ದಿನ ಮಾಡಿಸಿ ಸರ್ಕಾರಿ ಆಸ್ಪತ್ರೆಗೆ ಬಂದಿದ್ದೆವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಬೇಕು ಎಂದಿದ್ದರು ಡಾಕ್ಟರು. ಸಿಕ್ಕಿದ್ದು ಒಂದೇ ಸಲ. ಮಿಕ್ಕವಕ್ಕೆ ಸರದಿ ಪಟ್ಟಿ, ಪಟ್ಟಿಯಲ್ಲಿ ಅವಳು ಎಲ್ಲೋ ಕೆಳಗೆ. ಬೇಸಿಗೆ ಬೇರೆ. ನೀರು ಕುಡಿಯುವಂತಿಲ್ಲ. ಐಸ್ ಚೂರನ್ನು ಬಾಯಲ್ಲಿಟ್ಟುಕೊಂಡು, ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, “ಇದು ಕರಗೋ ತನಕ ಮಾತಾಡಿಸ್ಬೇಡ ಪುಟ್ಟ,” ಅನ್ನುತ್ತಿದ್ದಳು.

ಸಾಹೇಬರಿಗೆ ಹೇಳಿದೆ. “ಇಷ್ಟು ದಿನ ಯಾಕಯ್ಯ ಸುಮ್ನಿದ್ದೆ? ಈಗ್ಲೇ ಟೈಪ್ ಮಾಡು,” ಎಂದು ಬೈದರು. ಅವತ್ತು ಮಧ್ಯಾಹ್ನವೇ ಚುನಾವಣೆ ಘೋಷಣೆ ಎಂದು ಟಿವಿಯಲ್ಲಿ ಬರುತ್ತಿತ್ತು. ಘೋಷಣೆಯಾದರೆ ನೀತಿ ಸಂಹಿತೆ. ಶಾಸಕರ ಲೆಟರ್‌ಹೆಡ್ ಬೀರು ಸೇರಬೇಕು. ಮುಂದಿನ ಕೋಣೆ ಜನದಿಂದ ಬಿರಿಯುತ್ತಿತ್ತು. ಒಂದರ ಹಿಂದೊಂದು ಪತ್ರ ಹೊಡೆದೆ, ಅವುಗಳ ನಡುವೆ ಅಕ್ಕನದ್ದೂ. ಸಾಹೇಬರು ನೋಡದೆ ಸಹಿ ಹಾಕುತ್ತಾ ಹೋದರು. ಅಕ್ಕನ ಪತ್ರವನ್ನು ನಾನೇ ಆಟೋದಲ್ಲಿ ಒಯ್ದು ಆಸ್ಪತ್ರೆಯಲ್ಲಿ ಕೊಟ್ಟು, ಅದರ ಜೆರಾಕ್ಸ್ ಹಿಡಿದು ಗವಿಪುರಕ್ಕೆ ಹೋದೆ.

ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಜೋರಾಗಿ ಓದಿದಳು. ಕೊನೆಗೆ ಬಂದು ನಿಲ್ಲಿಸಿದಳು.

“ನಿಯಮಾನುಸಾರ ಪರಿಶೀಲಿಸಿ ಅಂತ ಬರೆಸಿದೀಯಲ್ಲ, ಒಳ್ಳೇದಾಯ್ತು ಕಣೋ. ಯಾರ್ದೋ ಸರದಿ ಕಿತ್ಕೊಂಡೆ ಅಂತ ಆಗ್ಲಿಲ್ಲ.”

ಜೆರಾಕ್ಸ್ ಕಿತ್ತುಕೊಂಡು ನೋಡಿದೆ. ಇತ್ತು. ಸಾವಿರ ಸಲ ಹೊಡೆದು ಹೊಡೆದು ಪಳಗಿದ ಬೆರಳು, ನನ್ನನ್ನು ಕೇಳದೆ ಹೊಡೆದಿತ್ತು. ಅಕ್ಕ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋ ಹಿಂದೆ ಇಟ್ಟಳು. ವಠಾರದವರು ಬಂದಾಗಲೆಲ್ಲ ತೆಗೆದು ತೋರಿಸುತ್ತಿದ್ದಳು. ನಾನು ಅವಳಿಗೆ ಹೇಳಲಿಲ್ಲ.

ಆಸ್ಪತ್ರೆಯ ಗುಮಾಸ್ತನಿಗೆ ಫೋನ್ ಮಾಡಿದೆ. ಪತ್ರ ತಪ್ಪಾಗಿದೆ, ಅದು ನಮ್ಮಕ್ಕ, ದಯವಿಟ್ಟು ಎಂದೆ. “ನೀವೇ ಹೇಳಿದೀರಲ್ಲ ಸಾರ್, ಕಾಗದದಲ್ಲಿ ಇರೋದೇ ಮಾತು ಅಂತ. ಬೇರೆ ಕಾಗದ ತಂದ್ಬಿಡಿ,” ಎಂದ. ಅವನ ತಪ್ಪೇನೂ ಇಲ್ಲ. ಅಷ್ಟರಲ್ಲಿ ಚುನಾವಣೆ ಘೋಷಣೆಯಾಗಿ ಬೇರೆ ಕಾಗದ ಬೀರು ಸೇರಿತ್ತು. ಪ್ರಚಾರದ ಜೀಪಿನಲ್ಲಿದ್ದ ಸಾಹೇಬರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. “ಈಗ ನಾನು ಆಸ್ಪತ್ರೆಗೆ ಫೋನ್ ಮಾಡಿ, ಯಾವನಾದ್ರೂ ರೆಕಾರ್ಡ್ ಮಾಡ್ಕೊಂಡ್ರೆ ನನ್ ಕಥೆ ಮುಗೀತು. ಗೆದ್ದ ದಿನವೇ ಬರ್ಕೊಡ್ತೀನಿ, ಮೊದಲು ಗೆಲ್ಸು,” ಎಂದರು.

ಗೆಲ್ಲಿಸಲು ಹೊರಟೆ. ಅಲ್ಲಿಯವರೆಗೆ ಸಾಹೇಬರ ಚುನಾವಣೆ ನನಗೆ ಸಂಬಳದ ಕೆಲಸ. ಈ ಸಲ ಹುಚ್ಚು ಹಿಡಿದವನಂತೆ ತಿರುಗಿದೆ. ಮತದಾರರ ಚೀಟಿ ಹಿಡಿದು ಒಂದೊಂದು ಮನೆಯ ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯ ಅಜ್ಜಿಯರಿಗೂ ಕೈ ಮುಗಿದೆ. ಆ ಮನೆಗಳವರಲ್ಲಿ ಎಷ್ಟೋ ಜನ ನನ್ನ ‘ನಿಯಮಾನುಸಾರ’ದ ಪತ್ರ ಒಯ್ದು ಬರಿಗೈಲಿ ಬಂದವರು. ಒಬ್ಬ ಹೂವಿನಾಕೆ ಬಾಗಿಲಲ್ಲೇ ಕೇಳಿದಳು, “ಮೂರು ಲೆಟರ್ ಕೊಟ್ರಲ್ಲಣ್ಣ, ಒಂದಾದ್ರೂ ಕೆಲಸ ಆಯ್ತಾ?” ನಾನು ಚೀಟಿ ಅವಳ ಕೈಗೆ ತುರುಕಿ ಇಳಿದು ಬಂದೆ. ನಾಚಿಕೆಗೆ ನನ್ನ ಬಳಿ ಪುರುಸೊತ್ತಿರಲಿಲ್ಲ.

ಮತದಾನದ ದಿನ ಅಕ್ಕ ಬರಲೇಬೇಕೆಂದು ಹಟ ಹಿಡಿದಳು. ಶಾಲೆಯ ಕೋಣೆಯವರೆಗೆ ಕುರ್ಚಿಯಲ್ಲಿ ಎತ್ತಿಕೊಂಡು ಹೋದೆವು. ಶಾಯಿ ಹಚ್ಚುವವರು ಎಡಗೈ ಎಳೆದಾಗ, “ಮೆಲ್ಲಗೆ ಹಿಡೀರಪ್ಪ, ಆ ಕೈಯಲ್ಲೇ ನನ್ ಡಯಾಲಿಸಿಸ್ಸು,” ಎಂದಳು. ಹೊರಗೆ ಬಂದು, “ಋಣ ತೀರಿಸ್ದೆ ಪುಟ್ಟ. ಪತ್ರ ಕೊಟ್ರಲ್ಲ ಪಾಪ,” ಎಂದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಎಣಿಕೆಯ ದಿನ ನಾನು ಸಾಹೇಬರ ಏಜೆಂಟ್. ಫೋನನ್ನು ಗೇಟಿನಲ್ಲೇ ಇಸಿದುಕೊಂಡರು. ಒಂದು ಸುತ್ತಿನಲ್ಲಿ ಮುಂದೆ, ಮರುಸುತ್ತಿನಲ್ಲಿ ಹಿಂದೆ. ಹಿಂದೆ ಬಿದ್ದಾಗಲೆಲ್ಲ ಅಕ್ಕನ ಕಾಲು ಕಣ್ಣೆದುರು ಬರುತ್ತಿತ್ತು. ಕೊನೆಯ ಸುತ್ತಿನಲ್ಲಿ ಕೂದಲೆಳೆಯಲ್ಲಿ ಗೆದ್ದೆವು. ನಾನು ಅತ್ತುಬಿಟ್ಟೆ, ಸಾಹೇಬರು ತಮಗಾಗಿ ಅಳುತ್ತಿದ್ದೇನೆಂದು ತಬ್ಬಿಕೊಂಡರು. ಹೊರಗೆ ತಮಟೆ, ಹೂವು, ಗುಲಾಲು. ಗೇಟಿನಲ್ಲಿ ಫೋನ್ ಇಸಿದುಕೊಂಡೆ. ಅಕ್ಕನ ಮಗಳು ಹದಿನೇಳು ಸಲ ಕರೆ ಮಾಡಿದ್ದಳು. ತಿರುಗಿ ಮಾಡಿದೆ.

“ಅಮ್ಮ ಹೋಗ್ಬಿಟ್ಲು ಮಾಮ,” ಎಂದಳು. “ಬೆಳಗ್ಗೆ ಉಸಿರು ಕಟ್ತು. ಆಸ್ಪತ್ರೆಗೆ ಕರ್ಕೊಂಡು ಹೋಗೋಷ್ಟರಲ್ಲಿ...”

ಮುಖದ ಗುಲಾಲು ತೊಳೆಯದೆ ಗವಿಪುರಕ್ಕೆ ಹೋದೆ. ವಠಾರದ ಮುಂದೆ ಹಾಕಿದ್ದ ಕುರ್ಚಿಗಳು ಸಾಹೇಬರ ಅಂಗಡಿಯವು.

ಹನ್ನೆರಡನೇ ದಿನ ಕಳೆದು ಕಚೇರಿಗೆ ಹೋದಾಗ ಟಪಾಲಿನಲ್ಲಿ ಆಸ್ಪತ್ರೆಯ ಉತ್ತರವಿತ್ತು. ತಮ್ಮ ಪತ್ರವನ್ನು ನಿಯಮಾನುಸಾರ ಪರಿಶೀಲಿಸಲಾಗಿದೆ, ಸರದಿ ಬಂದಿರುವುದರಿಂದ ರೋಗಿಯು ಸೋಮವಾರ ಬೆಳಗ್ಗೆ ಏಳಕ್ಕೆ ಹಾಜರಾಗತಕ್ಕದ್ದು. ಬಂದ ಪತ್ರಗಳ ಮೊಹರು ಒತ್ತುವವನು ನಾನೇ. ಒತ್ತಿದೆ.

ಸೋಮವಾರ ಏಳಕ್ಕೆ ಆಸ್ಪತ್ರೆಗೆ ಹೋದೆ. ನರ್ಸಮ್ಮ ಅಕ್ಕನ ಹೆಸರು ಕೂಗಿದರು. ಅವರು ಬರುವುದಿಲ್ಲ, ಮುಂದಿನವರನ್ನು ಕರೆಯಿರಿ ಎಂದೆ. ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸು ಬಟ್ಟೆ ಚೀಲ ಹಿಡಿದು, ಊದಿದ ಕಾಲನ್ನು ಎಳೆಯುತ್ತಾ ಒಳಗೆ ಹೋದಳು.