ಎದುರಿನವನ ಸಾಲು

ಗಂಟಲಿನ ಗಂಟು ತೆಗೆಯಲೇಬೇಕು, ಆಮೇಲೆ ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರು ಹೇಳಿದ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಸಾಯುವ ಹೆದರಿಕೆಯಲ್ಲ. ನಮ್ಮ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ, ಈಗ ತೀರಿಹೋದ ಪೇಟಿ ಮಾಸ್ತರರು ಕಟ್ಟಿದ ಹಾಡುಗಳು ನನ್ನ ಬಾಯಲ್ಲಷ್ಟೇ ಉಳಿದಿದ್ದವು. ಈ ಗಂಟಲು ಹೋದರೆ ಅವೂ ಹೋದಂತೆಯೇ.

ಮಾಸ್ತರರ ಮಗಳು ಆಳಂದದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ. ಕಂಪನಿ ಮುರಿದ ಮೇಲೆ ಹುಟ್ಟಿದವಳು. ಅಪ್ಪನಿಂದ ಪೇಟಿ ಕಲಿತಳು, ಹಾಡು ಕಲಿಯಲಿಲ್ಲ. ಅವಳೇ ರಜೆ ಹಾಕಿ ಬಂದು ಜೇವರ್ಗಿಯಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋ ಗೊತ್ತುಮಾಡಿದಳು. ಮದುವೆಯ ಡಿಜೆ ಹಾಡು ಮಾಡುವ ಜಾಗ, ಕೆಳಗೆ ಟ್ರ್ಯಾಕ್ಟರ್ ಗ್ಯಾರೇಜು. ಅದರ ಸದ್ದು ನಿಂತಾಗ ನಾವು ಹಾಡಬೇಕು.

ನಾನೊಬ್ಬಳೇ ಹಾಡುವ ಪದಗಳು ಹೇಗೋ ಮುಗಿದವು. ದನಿ ಒಡೆಯಿತು, ಒಡೆದರೆ ಒಡೆಯಲಿ ಎಂದು ಹಾಡಿದೆ. ಉಳಿದದ್ದು ಸವಾಲ್-ಜವಾಬಿನ ಹಾಡು, ಮಾಸ್ತರರ ಜೀವದಂಥದ್ದು. ಅದರಲ್ಲಿ ಸವಾಲು ನನ್ನದು, ಜವಾಬು ನಾಯಕನ ಪಾತ್ರ ಮಾಡುವವನದು.

‘ಹೊಳಿ ದಾಟಿ ಬಂದೀಯಲ್ಲೋ, ಕಾಲ್ಯಾಕ ನೆನದಿಲ್ಲ?’ ಎಂದು ಹಾಡಿ ನಿಂತೆ. ಜವಾಬು ಏನು? ಅದು ನನಗೆ ಗೊತ್ತೇ ಇಲ್ಲವೆಂಬುದು ಆಗ ಹೊಳೆಯಿತು.

ಮಾಸ್ತರರ ಪದ್ಧತಿಯೇ ಹಾಗಿತ್ತು. ಯಾರ ಸಾಲು ಅವರಿಗಷ್ಟೇ, ಬೇರೆಬೇರೆ ಕೂರಿಸಿ ಬಾಯಿಪಾಠ, ಕಾಗದದ ಮೇಲೆ ಏನೂ ಇಡುತ್ತಿರಲಿಲ್ಲ. ಪೂರ್ತಿ ಹಾಡು ಒಬ್ಬರಿಗೇ ಬಂದರೆ ಇನ್ನೊಂದು ಕಂಪನಿಗೆ ಹಾರಿ ಅಲ್ಲಿ ಹಾಡಿಬಿಡುತ್ತಾರೆಂಬ ಅಂಜಿಕೆ. ರಂಗದ ಮೇಲೆ ಅವನು ಹಾಡುವಾಗ ನಾನು ಉಸಿರು ಕೂಡಿಸಿಕೊಂಡು ನನ್ನ ಮುಂದಿನ ಸಾಲು ನೆನೆಯುತ್ತಿದ್ದೆ. ಕಿವಿ ಎಲ್ಲಿಟ್ಟಿದ್ದೆನೋ, ಹಾಳಾಗಿ ಹೋಗಲಿ.

ಆ ನಾಯಕ ಅಫಜಲಪುರದಲ್ಲಿದ್ದ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಎಂದು ಅಂದೇ ಹೊರಟೆವು. ಲಕ್ವಾ ಹೊಡೆದು ಅವನು ಅಂಗಳದ ಹೊರಸಿನ ಮೇಲೆ ಕೂತಿದ್ದ.

‘ಮಾತ ನಿಂತಾವ್ರಿ ಅಕ್ಕಾರ. ನೀರು ಬೇಕಂದ್ರೂ ಕೈ ಮಾಡ್ತಾರ’ ಎಂದಳು ಅವನ ಹೆಂಡತಿ.

ನಾನು ಬಿಡಲಿಲ್ಲ, ಎದುರು ಕೂತು ಸವಾಲು ಹಾಡಿದೆ. ಅವನ ಎಡಗೈ ತೊಡೆಯ ಮೇಲೆ ತಾಳ ಹಾಕಿತು. ಸರಿಯಾದ ಹೊತ್ತಿಗೆ ಬಾಯಿ ತೆರೆದ. ‘ಆ... ಆ...’ ಧಾಟಿ ಬರೋಬ್ಬರಿ, ಒಂದು ಸ್ವರ ತಪ್ಪಿಲ್ಲ. ಮಾತು ಮಾತ್ರ ಒಂದೂ ಇಲ್ಲ.

‘ಕಾಲಿಗಿ ಬೀಳ್ತೇನಿ, ಒಂದ ಸಾಲು ಹೇಳೋ’ ಎಂದು ಅವನ ಹೆಗಲು ಹಿಡಿದು ಅಲುಗಾಡಿಸಿದೆ. ಅವನು ಅಳತೊಡಗಿದ. ನಾನೂ ಅತ್ತೆ. ಹೆಂಡತಿ ಬಂದು ನನ್ನ ಕೈ ಬಿಡಿಸಿದಳು.

ಮರುದಿನ ಸ್ಟುಡಿಯೋದವನು, ‘ಯಾರ ಕಡಿಂದರ ಹೊಸಾ ಸಾಲು ಬರಸೂಣೇನ್ರಿ? ಯಾರಿಗಿ ಗೊತ್ತಾಗ್ತದ?’ ಎಂದ.

‘ನನಗ ಗೊತ್ತಾಗ್ತದಲೇ. ಮಷೀನ್ ಚಾಲೂ ಮಾಡು.’

ಸವಾಲು ಹಾಡಿದೆ. ಜವಾಬಿನ ಜಾಗದಲ್ಲಿ ಮಾಸ್ತರರ ಮಗಳ ಪೇಟಿ ಬರೀ ಧಾಟಿ ನುಡಿಸಿತು. ಇನ್ನೊಂದು ಸವಾಲು, ಮತ್ತೆ ಬರೀ ಪೇಟಿ. ಕೊನೆಯ ಸವಾಲಿಗೆ ದನಿ ಏಳಲೇ ಇಲ್ಲ, ಗಾಳಿಯಷ್ಟೇ ಬಂತು. ಇನ್ನೊಮ್ಮೆ ಹಾಡಲು ನನ್ನಿಂದ ಆಗಲಿಲ್ಲ. ಮರುದಿನವೇ ಆಪರೇಷನ್ನಿಗೆ ಭರ್ತಿಯಾಗಬೇಕಿತ್ತು.

ಮೆಟ್ಟಿಲಿಳಿಯುವಾಗ ಅವಳು ನನ್ನ ತೋಳು ಹಿಡಿದು ಕೇಳಿದಳು: ‘ಅಪ್ಪ ಏನಂತ ಜವಾಬು ಕಟ್ಟಿದ್ದ, ಅತ್ತಿ? ಅರ್ಥರ ನೆನಪದೇನು?’

‘ಆ ಸಾಲು ಬಂದ ಕೂಡಲೆ ಮಂದಿ ಬಿದ್ದು ಬಿದ್ದು ನಗತಿದ್ರವ್ವ’ ಎಂದೆ. ‘ಅಷ್ಟ ನೆನಪದ.’